ಎಲ್ಲರಿಗೂ ಜಾಗ ಇರುವ ಕಚೇರಿ: ಶುರು ಎಲ್ಲಿಂದ?

ಈ ಸಲ ಬಂದ ಪತ್ರಗಳಲ್ಲಿ ಸುಮಾರು ಪತ್ರಗಳು ಒಂದೇ ವಿಷಯದ್ದು. ಬೇರೆ ಬೇರೆ ಜಾತಿ, ಧರ್ಮ, ಭಾಷೆ, ಊರಿನವರು, ಹೆಂಗಸರು, ವಿಕಲಚೇತನರು ಎಲ್ಲರೂ ಒಂದೇ ಕಡೆ ಮರ್ಯಾದೆಯಿಂದ ಕೆಲಸ ಮಾಡಬೇಕಾದರೆ ಮೇಲೆ ಕೂತವರು ಏನು ಮಾಡಬೇಕು ಅಂತ ಕೇಳಿದ್ದಾರೆ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಈ ಸಲ ಪೂರ್ತಿ ಜಾಗ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ಮಂಗಳೂರಿನಲ್ಲಿ ನಮ್ಮದೊಂದು ಸಣ್ಣ ಸಾಫ್ಟ್‌ವೇರ್ ಕಂಪನಿ. 38 ಜನ ಇದ್ದೇವೆ. ನಮಗೆ ಕೆಲಸ ಕೊಡುವ ಹೊರದೇಶದ ಕಂಪನಿಯವರು ‘ನಿಮ್ಮ ಡೈವರ್ಸಿಟಿ ಪಾಲಿಸಿ (ಎಲ್ಲ ಬಗೆಯ ಜನರಿಗೂ ಸಮಾನ ಅವಕಾಶ ಕೊಡುವ ನೀತಿ) ಕಳಿಸಿ’ ಅಂತ ಕೇಳಿದ್ದಾರೆ. ನಮ್ಮ ಎಚ್‌ಆರ್ ಹುಡುಗಿ ಒಂದು ದಿನದ ತರಬೇತಿ ಇಡೋಣ, ಗೋಡೆಗೆ ಪೋಸ್ಟರ್ ಹಾಕೋಣ ಅಂತಾಳೆ. ನನಗೆ ಪಾಲಿಸಿಗಿಂತ ಜಾಸ್ತಿ ಏನಾದರೂ ನಿಜವಾಗಿ ಮಾಡಬೇಕು ಅಂತ ಇದೆ. ಎಲ್ಲಿಂದ ಶುರು ಮಾಡಲಿ?
— ಓದುಗ, ಬೊಂದೇಲ್

ನಿಮ್ಮ ಪತ್ರದಿಂದಲೇ ಶುರು ಮಾಡೋಣ. ‘ಎಚ್‌ಆರ್ ಹುಡುಗಿ’ ಅಂತ ಬರೆದಿದ್ದೀರಿ. ಅವರ ವಯಸ್ಸು ಎಷ್ಟೇ ಇರಲಿ, ಅವರು ನಿಮ್ಮ ಎಚ್‌ಆರ್. ಆ ಜಾಗದಲ್ಲಿ ಗಂಡಸು ಇದ್ದಿದ್ದರೆ ‘ಎಚ್‌ಆರ್ ಹುಡುಗ ಅಂತಾನೆ’ ಅಂತ ಬರೀತಿದ್ರಾ? ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಮನಸ್ಸು ಒಳ್ಳೆಯದೇ ಅಂತ ಪತ್ರ ಓದಿದರೆ ಗೊತ್ತಾಗುತ್ತದೆ. ಆದರೆ ಮುಖ್ಯಸ್ಥರು ಯಾರನ್ನು ಹೇಗೆ ಕರೀತಾರೆ ಅನ್ನೋದನ್ನು ಕಚೇರಿ ಇಡೀ ಗಮನಿಸುತ್ತಾ ಇರುತ್ತದೆ, ಆಮೇಲೆ ಎಲ್ಲರೂ ಹಾಗೇ ಕರೀತಾರೆ. ನಮ್ಮ ಕರಾವಳಿಯಲ್ಲಂತೂ ಇದು ಇನ್ನೂ ಜಾಸ್ತಿ. ‘ಭಟ್ರೇ’, ‘ಶೆಟ್ರೇ’, ‘ಕಾಮತ್ರೇ’ ಅಂತ ಬಾಯ್ತುಂಬ ಕರೆಯುವ ಕಚೇರಿಯಲ್ಲೇ, ನೆಲ ಒರೆಸುವವರನ್ನು ಬರೀ ಹೆಸರು ಹಿಡಿದು ‘ಏ, ಬಾ ಇಲ್ಲಿ’ ಅನ್ನುತ್ತಾರೆ. ಅವರು ಐವತ್ತು ದಾಟಿದವರಾಗಿದ್ದರೂ ಅಷ್ಟೇ. ನಾಳೆಯಿಂದ ನೀವು ಅವರನ್ನು ಬಹುವಚನದಲ್ಲಿ ಮಾತಾಡಿಸಿ. ಯಾರಿಗೂ ಉಪದೇಶ ಮಾಡಬೇಕಾಗಿಲ್ಲ, ಸುಮ್ನೆ ನೀವು ಮಾಡಿ.

ಇನ್ನು ತರಬೇತಿ, ಪೋಸ್ಟರ್. ಎರಡೂ ಆಮೇಲೆ. ಅಮೆರಿಕದ ಸಮಾಜಶಾಸ್ತ್ರಜ್ಞ ಫ್ರ್ಯಾಂಕ್ ಡಾಬಿನ್ ಮತ್ತು ಅವರ ಜೊತೆ ಅಲೆಕ್ಸಾಂಡ್ರಾ ಕಾಲೆವ್ ಅಲ್ಲಿನ ನೂರಾರು ಕಂಪನಿಗಳ ಹಲವು ವರ್ಷಗಳ ಲೆಕ್ಕ ತೆಗೆದು ನೋಡಿದ್ದಾರೆ. ಎಲ್ಲರನ್ನೂ ಕಡ್ಡಾಯವಾಗಿ ತರಬೇತಿಗೆ ಕೂರಿಸಿ, ಅಷ್ಟಕ್ಕೇ ಕೈ ತೊಳೆದುಕೊಂಡ ಕಡೆ ಮೇಲಿನ ಹುದ್ದೆಗಳಲ್ಲಿ ಹೆಂಗಸರು, ಕಪ್ಪುವರ್ಣೀಯರು ಹೆಚ್ಚಾಗಲಿಲ್ಲ, ಕೆಲವು ಕಡೆ ಮೊದಲಿಗಿಂತ ಕಡಿಮೆಯೇ ಆದರು. ಜನರಿಗೆ ‘ನಮ್ಮನ್ನು ಕಳ್ಳರ ಥರ ನೋಡ್ತಿದ್ದಾರೆ’ ಅಂತ ಸಿಟ್ಟು ಬಂದುಬಿಡುತ್ತದೆ. ಫಲ ಕೊಟ್ಟದ್ದು ಬೇರೆಯೇ. ಇಂಥವರೇ ನೋಡಿಕೊಳ್ಳಬೇಕು ಅಂತ ಒಬ್ಬರ ಮೇಲೆ ಜವಾಬ್ದಾರಿ ಹೊರಿಸಿದ್ದು, ಮತ್ತೆ ಮೇಲಿನವರು ಕೆಳಗಿನವರಲ್ಲಿ ಒಬ್ಬೊಬ್ಬರನ್ನು ಹತ್ತಿರ ಕರೆದು ಕೆಲಸ ಕಲಿಸಿ, ಅವರ ಪರವಾಗಿ ಮಾತಾಡಿ ಮುಂದೆ ತಂದದ್ದು.

ಹಾಗಾಗಿ ನನ್ನ ಮಾತು ಇಷ್ಟೇ: ನಿಮ್ಮ ಕಂಪನಿಯಲ್ಲಿ ತೀರ್ಮಾನ ಆಗುವ ಜಾಗಕ್ಕೆ ಹೋಗಿ. ಯಾರನ್ನು ಕೆಲಸಕ್ಕೆ ತಗೊಳ್ತೀರಿ, ಒಳ್ಳೆ ಪ್ರಾಜೆಕ್ಟ್ ಯಾರ ಕೈಗೆ ಹೋಗುತ್ತದೆ, ಸಂಬಳ ಯಾರಿಗೆ ಎಷ್ಟು ಏರುತ್ತದೆ, ಮೀಟಿಂಗಿನಲ್ಲಿ ಯಾರ ಮಾತು ನಡೆಯುತ್ತದೆ. ಈ ನಾಲ್ಕು ಬದಲಾಗದೆ ಬೇರೆ ಏನು ಮಾಡಿದರೂ ಅದು ತೋರಿಕೆಗೆ ಮಾತ್ರ. ನಾಲ್ಕೂ ನಿಮ್ಮ ಕೈಯಲ್ಲೇ ಇವೆ, ಯಾರ ಅನುಮತಿಯೂ ಬೇಡ.

ಮೊದಲು ಒಂದು ಮಧ್ಯಾಹ್ನ ಬಾಗಿಲು ಹಾಕಿ ಕೂತು 38 ಜನರ ಪಟ್ಟಿ ತೆಗೆಯಿರಿ. ಯಾರು ಯಾರ ಪರಿಚಯದ ಮೇಲೆ ಬಂದರು ಅಂತ ಹೆಸರಿನ ಮುಂದೆ ಬರೆಯಿರಿ. ನನ್ನ ಅನುಭವದಲ್ಲಿ ಹೆಚ್ಚಿನ ಸಣ್ಣ ಕಂಪನಿಗಳಲ್ಲಿ ಈ ಗೆರೆಗಳನ್ನು ಎಳೆಯುತ್ತಾ ಹೋದರೆ ಎರಡು ಮೂರು ಮನೆಗಳಿಗೆ, ಒಂದೆರಡು ಕಾಲೇಜುಗಳಿಗೆ ಹೋಗಿ ನಿಲ್ಲುತ್ತವೆ. ಒಂದೇ ಕೆಲಸ ಮಾಡುವ ಗಂಡಸರ ಮತ್ತು ಹೆಂಗಸರ ಸಂಬಳ ಪಕ್ಕ ಪಕ್ಕ ಇಟ್ಟು ನೋಡಿ. ಸಮಾನ ಕೆಲಸಕ್ಕೆ ಸಮಾನ ವೇತನ ಅಂತ 1976ರಿಂದಲೇ ಕಾನೂನು ಇದೆ. ಹಾಗೆಯೇ ಕೆಲಸ ಬಿಟ್ಟು ಹೋದವರ ಪಟ್ಟಿ. ಇದನ್ನು ಯಾರೂ ನೋಡೋದಿಲ್ಲ, ಆದರೆ ವಿಷಯ ಇರೋದು ಇದರಲ್ಲೇ. ಹೆರಿಗೆ ರಜೆ ಮುಗಿಸಿ ಬಂದವರು ಆರು ತಿಂಗಳಲ್ಲಿ ಯಾಕೆ ಬಿಟ್ಟರು? ಹೊರಗಿನ ಊರಿನವರು ಯಾಕೆ ನಿಲ್ಲೋದಿಲ್ಲ? ಬಿಟ್ಟು ಹೋದ ಕೆಲವರಿಗೆ ನೀವೇ ಫೋನ್ ಮಾಡಿ ಕೇಳಿ. ಈಗ ಅವರಿಗೆ ನಿಮ್ಮ ಹೆದರಿಕೆ ಇಲ್ಲ, ಸತ್ಯ ಹೇಳ್ತಾರೆ. ಒಂದು ಎಚ್ಚರಿಕೆ: ಈ ಪಟ್ಟಿಯಲ್ಲಿ ಯಾರ ಜಾತಿಯನ್ನೂ ಊಹೆ ಮಾಡಿ ಬರೆಯಬೇಡಿ, ಕೇಳಲೂ ಬೇಡಿ.

ಆಮೇಲೆ ಇಂಟರ್ವ್ಯೂ. ನಮ್ಮ ಕಡೆ ಇಂಟರ್ವ್ಯೂ ಹೇಗೆ ಶುರುವಾಗುತ್ತದೆ ಅಂತ ನಿಮಗೂ ಗೊತ್ತು. ‘ಮನೆ ಎಲ್ಲಿ?’ ಅಂತ ಕೇಳ್ತಾರೆ. ‘ಬಂಟ್ವಾಳ’ ಅಂದರೆ ‘ಬಂಟ್ವಾಳದಲ್ಲಿ ಎಲ್ಲಿ?’ ಅಂತಾರೆ. ಆಮೇಲೆ ಅಪ್ಪನ ಹೆಸರು, ಅಪ್ಪನ ಕೆಲಸ, ಯಾವ ಮನೆಯವರು. ಯಾವ ಜನ ಅಂತ ಬಾಯಿಬಿಟ್ಟು ಕೇಳದಿದ್ದರೂ ಎರಡು ನಿಮಿಷದಲ್ಲಿ ತಿಳಿದುಕೊಂಡಿರುತ್ತಾರೆ. ಕೇಳುವವರಿಗೆ ಇದು ಬರೀ ಆತ್ಮೀಯತೆ. ಎದುರು ಕೂತ ದಲಿತ ಹುಡುಗನಿಗೆ ಅಥವಾ ಬ್ಯಾರಿ ಮುಸ್ಲಿಂ ಹುಡುಗಿಗೆ ಹಾಗಲ್ಲ, ಪ್ರೋಗ್ರಾಮಿಂಗ್ ಬಗ್ಗೆ ಒಂದು ಪ್ರಶ್ನೆಯೂ ಬರುವ ಮೊದಲೇ ಅವರ ಬಾಯಿ ಒಣಗಿರುತ್ತದೆ. ಹೆಣ್ಣುಮಕ್ಕಳಾದರೆ ‘ಮದುವೆ ಯಾವಾಗ?’ ಅನ್ನೋದು ಬೇರೆ. ಈ ಪ್ರಶ್ನೆಗಳನ್ನೆಲ್ಲ ನಿಲ್ಲಿಸಿಬಿಡಿ. ಕೆಲಸಕ್ಕೆ ಬೇಕಾದ ಆರೇಳು ಪ್ರಶ್ನೆ ಮೊದಲೇ ಬರೆದಿಟ್ಟು, ಬಂದ ಎಲ್ಲರಿಗೂ ಅದನ್ನೇ, ಅದೇ ಕ್ರಮದಲ್ಲಿ ಕೇಳಿ. ಇಂಟರ್ವ್ಯೂ ಮಾಡುವವರು ಒಬ್ಬರಿಗೊಬ್ಬರು ಮಾತಾಡುವ ಮೊದಲು ಪ್ರತ್ಯೇಕವಾಗಿ ಕಾಗದದ ಮೇಲೆ ಅಂಕ ಬರೆಯಲಿ. ಇದು ತುಂಬಾ ಮುಖ್ಯ, ಯಾಕೆಂದರೆ ಬಾಸ್ ‘ಹುಡುಗ ಪರವಾಗಿಲ್ಲ ಅಲ್ವಾ’ ಅಂದ ಮೇಲೆ ಉಳಿದವರು ತಮ್ಮ ಅಂಕ ತಿದ್ದಿಕೊಳ್ಳುತ್ತಾರೆ. ನೀವು ಕೊನೆಗೆ ಮಾತಾಡಿ. ಪರಿಚಯದವರ ಮೂಲಕ ಬಂದವರನ್ನು ತಗೊಳ್ಳಲೇಬಾರದು ಅಂತ ಅಲ್ಲ, ಆದರೆ ಕೆಲಸ ಖಾಲಿ ಇದೆ ಅನ್ನೋದು ಸರ್ಕಾರಿ ಕಾಲೇಜಿನ ಹುಡುಗರಿಗೂ, ಪಾಲಿಟೆಕ್ನಿಕ್‌ನವರಿಗೂ ಗೊತ್ತಾಗಬೇಕು.

ಕಾನೂನು ಸ್ವಲ್ಪ ಹೇಳಿಬಿಡುತ್ತೇನೆ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿ ಇರಲೇಬೇಕು. ಅದರ ಮುಖ್ಯಸ್ಥರು ಹಿರಿಯ ಮಹಿಳಾ ಉದ್ಯೋಗಿ, ಸದಸ್ಯರಲ್ಲಿ ಅರ್ಧಕ್ಕಾದರೂ ಮಹಿಳೆಯರು, ಜೊತೆಗೆ ಹೊರಗಿನವರು ಒಬ್ಬರು. ಸಮಿತಿ ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಖಾಸಗಿಯವರಿಗೂ ಸಮಾನ ಅವಕಾಶದ ನೀತಿ ಬರೆದು ಪ್ರಕಟಿಸಿ ಅನ್ನುತ್ತದೆ. ಇಪ್ಪತ್ತು ಅಥವಾ ಹೆಚ್ಚು ಜನ ಇದ್ದರೆ ಅದಕ್ಕೊಬ್ಬ ಸಂಪರ್ಕ ಅಧಿಕಾರಿಯನ್ನೂ ಹೆಸರಿಸಬೇಕು. ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ. ಲಿಂಗತ್ವ ಅಲ್ಪಸಂಖ್ಯಾತರಿಗೆ ಕೆಲಸದಲ್ಲಿ ತಾರತಮ್ಯ ಮಾಡಬಾರದು ಅಂತ 2019ರ ಕಾಯ್ದೆ ಇದೆ. ಇವಿಷ್ಟು ಸರಿಯಾಗಿದ್ದರೆ ನಿಮ್ಮ ಪಾಲಿಸಿಯ ಅರ್ಧ ಭಾಗ ಆಗಲೇ ತಯಾರು. ಎರಡು ಪುಟ ಸಾಕು, ಕನ್ನಡದಲ್ಲೂ ಇರಲಿ. ತೊಂದರೆಯಾದರೆ ಯಾರಿಗೆ ಹೇಳಬೇಕು, ಅವರು ಎಷ್ಟು ದಿನದಲ್ಲಿ ಉತ್ತರ ಕೊಡಬೇಕು ಅನ್ನೋದು ಅದರಲ್ಲಿ ಸ್ಪಷ್ಟ ಇರಬೇಕು.

ಕೊನೆಗೆ, ಜನರನ್ನು ಕೇಳುವಾಗ ‘ಏನಾದರೂ ತೊಂದರೆ ಇದೆಯಾ?’ ಅಂತ ಕೇಳಬೇಡಿ. ‘ಏನಿಲ್ಲ ಸರ್’ ಅಂತಲೇ ಉತ್ತರ ಬರುತ್ತದೆ. ‘ಇಲ್ಲಿ ಒಂದು ವಿಷಯ ಬದಲಾದರೆ ನಿಮಗೆ ಕೆಲಸ ಸುಲಭ ಆಗುತ್ತದೆ ಅಂತಾದರೆ ಅದು ಯಾವುದು?’ ಅಂತ ಒಬ್ಬೊಬ್ಬರನ್ನೇ ಕೂರಿಸಿ ಕೇಳಿ. ಒಬ್ಬರು ಕ್ರೈಸ್ತರ ಮೊಂತಿ ಹಬ್ಬಕ್ಕೆ ರಜೆ ಬೇಕು ಅಂದಾರು, ಇನ್ನೊಬ್ಬರು ಮನೆಯ ದೈವದ ನೇಮಕ್ಕೆ, ಮತ್ತೊಬ್ಬರು ರಂಜಾನ್ ತಿಂಗಳಲ್ಲಿ ಬೇಗ ಬಂದು ಬೇಗ ಹೋಗ್ತೇನೆ ಅಂದಾರು. ಎಲ್ಲರಿಗೂ ಒಂದೇ ಪಟ್ಟಿ ಹೇರುವ ಬದಲು, ನಾಲ್ಕೈದು ರಜೆ ಅವರವರೇ ಆರಿಸಿಕೊಳ್ಳಲಿ ಅಂತ ಬಿಟ್ಟರೆ ಇದು ಮುಗಿಯಿತು. ಭಾನುವಾರ ಬೆಳಿಗ್ಗೆ ಟೀಮ್ ಔಟಿಂಗ್ ಇಟ್ಟು, ಇಗರ್ಜಿಗೆ ಹೋಗುವವರು ಬರಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಕೇಳಿದ್ದರಲ್ಲಿ ಸಣ್ಣದೊಂದನ್ನಾದರೂ ಅದೇ ವಾರ ಮಾಡಿ ತೋರಿಸಿ, ಇಲ್ಲದಿದ್ದರೆ ಮುಂದಿನ ಸಲ ಯಾರೂ ಬಾಯಿ ಬಿಡೋದಿಲ್ಲ.

ಪ್ರಶ್ನೆ: ನಮಸ್ಕಾರ ಮೇಡಂ. ಮಣಿಪಾಲದ ಒಂದು ಆಫೀಸಿನಲ್ಲಿ ಟೀಮ್ ಲೀಡರ್ ಆಗಿದ್ದೇನೆ. ತಂಡದಲ್ಲಿ ಹೆಚ್ಚಿನವರು ತುಳುವರು, ಇಬ್ಬರು ಕೊಂಕಣಿ ಮಾತಾಡುವವರು. ಹೊಸದಾಗಿ ಬಾಗಲಕೋಟೆಯಿಂದ ಒಬ್ಬರು, ಒಡಿಶಾದಿಂದ ಒಬ್ಬರು ಸೇರಿದ್ದಾರೆ. ಮಾತಾಡುತ್ತಾ ಮಾತಾಡುತ್ತಾ ನಾವು ತುಳುವಿಗೆ ಹೋಗಿಬಿಡ್ತೇವೆ. ಬಾಗಲಕೋಟೆಯವರು ಈಗ ಊಟಕ್ಕೂ ಒಬ್ಬರೇ ಹೋಗ್ತಾರೆ. ತುಳು ಮಾತಾಡಬಾರದು ಅಂತ ನಿಯಮ ಮಾಡಲಾ? ಅದೂ ಸರಿ ಅನ್ನಿಸೋದಿಲ್ಲ.
— ಓದುಗಿ, ಮಣಿಪಾಲ

ದಯವಿಟ್ಟು ಅಂಥ ನಿಯಮ ಮಾಡಬೇಡಿ. ಶಾಲೆಯಲ್ಲಿ ತುಳು ಮಾತಾಡಿದ್ದಕ್ಕೆ ದಂಡ ಕಟ್ಟಿ ಬೆಳೆದವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಇನ್ನೂ ಸೇರದ ಭಾಷೆ ಅದು, ಅದಕ್ಕೆ ಆಫೀಸಿನಲ್ಲೂ ಬೀಗ ಹಾಕೋದು ಬೇಡ. ಕೆಲಸದ ತೀರ್ಮಾನ ಯಾವ ಭಾಷೆಯಲ್ಲಿ ಆಗುತ್ತದೆ ಅನ್ನೋದನ್ನಷ್ಟೇ ನೀವು ನೋಡಬೇಕು.

ಒಂದು ಮೀಟಿಂಗನ್ನು ಗಮನ ಇಟ್ಟು ನೋಡಿ. ಶುರುವಾಗೋದು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ. ಹತ್ತು ನಿಮಿಷ ಆದ ಮೇಲೆ ಏನೋ ತೊಡಕು ಬರುತ್ತದೆ, ಯಾರೋ ‘ಅಂಚಾಂಡ ದಾನೆ ಮಲ್ಪುನಿ?’ (ಹಾಗಾದರೆ ಏನು ಮಾಡೋದು?) ಅಂತಾರೆ. ಅಲ್ಲಿಂದ ಮುಂದೆ ಎಲ್ಲ ತುಳುವಿನಲ್ಲೇ. ಯಾವ ಕೆಲಸ ಮೊದಲು, ಯಾವುದನ್ನು ಮುಂದೂಡೋದು, ಗಿರಾಕಿಗೆ ಏನು ಹೇಳೋದು ಎಲ್ಲ ಅಲ್ಲೇ ನಿರ್ಧಾರ ಆಗಿಬಿಡುತ್ತದೆ. ಆ ಇಬ್ಬರು ಲ್ಯಾಪ್‌ಟಾಪ್ ನೋಡುತ್ತಾ ಏನೋ ಟೈಪ್ ಮಾಡಿದ ಹಾಗೆ ಮಾಡ್ತಾರೆ. ಕೊನೆಗೆ ನೀವು ಅವರ ಕಡೆ ತಿರುಗಿ ‘ಓಕೆ ಅಲ್ವಾ?’ ಅಂತ ಕೇಳ್ತೀರಿ, ಅವರು ‘ಓಕೆ’ ಅಂತಾರೆ. ಯಾವುದಕ್ಕೆ ಓಕೆ ಅಂದೆವು ಅಂತ ಅವರಿಗೇ ಗೊತ್ತಿರೋದಿಲ್ಲ. ಎರಡು ವಾರ ಬಿಟ್ಟು ಕೆಲಸ ತಪ್ಪಾದಾಗ ‘ಮೀಟಿಂಗಿನಲ್ಲಿ ಹೇಳಿದ್ದೆವಲ್ಲ’ ಅನ್ನುವ ಮಾತು ಬರುತ್ತದೆ.

ಮಾತು ತುಳುವಿಗೆ ತಿರುಗಿದ ಆ ಕ್ಷಣ ನೀವೇ ಕನ್ನಡದಲ್ಲೋ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮುಂದುವರಿಸಿ. ಬೈಯಬೇಕಾಗಿಲ್ಲ. ‘ಇವರಿಗೂ ಗೊತ್ತಾಗಲಿ, ಇನ್ನೊಂದು ಸಲ ಹೇಳ್ತೇನೆ’ ಅಂದರೆ ಸಾಕು. ಮೊದಲು ಕೆಲವು ಸಲ ಎಲ್ಲರಿಗೂ ಮುಜುಗರ ಆಗುತ್ತದೆ, ಆಮೇಲೆ ಅಭ್ಯಾಸ ಆಗುತ್ತದೆ. ಮೀಟಿಂಗ್ ಮುಗಿದ ತಕ್ಷಣ ಏನು ತೀರ್ಮಾನ ಆಯ್ತು, ಯಾರು ಮಾಡ್ತಾರೆ, ಯಾವತ್ತಿಗೆ ಅಂತ ಗ್ರೂಪಿನಲ್ಲಿ ನಾಲ್ಕು ಸಾಲು ಹಾಕಿ. ಆ ನಾಲ್ಕು ಸಾಲು ಬರೆಯುವ ಕೆಲಸ ಸರದಿಯ ಮೇಲೆ ಎಲ್ಲರಿಗೂ ಬರಲಿ, ಪ್ರತಿ ಸಲ ಹೆಣ್ಣುಮಕ್ಕಳ ತಲೆಗೇ ಕಟ್ಟಬೇಡಿ. ಚಹಾಕ್ಕೆ ನಿಂತಾಗ ತುಳು ಇರಲಿ. ನಕ್ಕಾಗ ಪಕ್ಕದವರಿಗೆ ಯಾಕೆ ನಕ್ಕೆವು ಅಂತ ಒಂದು ಮಾತು ಹೇಳಿದರೆ ಆಯ್ತು.

ಇನ್ನೊಂದು ವಿಷಯ ನೀವು ಬರೆದಿಲ್ಲ, ಆದರೆ ಇರಬಹುದು ಅಂತ ನನ್ನ ಅನುಮಾನ. ಬಾಗಲಕೋಟೆಯವರ ಕನ್ನಡವನ್ನು ಯಾರಾದರೂ ಅಣಕಿಸ್ತಾರಾ? ‘ಏನ್ರಿ, ಹೌದ್ರಿ’ ಅಂತ ಅವರ ಎದುರೇ ರಾಗ ಎಳೆಯೋದು, ‘ಘಟ್ಟದವರು’ ಅಂತ ಒಂದು ಥರ ಹೇಳೋದು? ಅವರೂ ನಗ್ತಾರೆ, ಯಾಕೆಂದರೆ ಹೊಸಬರಿಗೆ ನಗದೆ ಬೇರೆ ದಾರಿ ಇಲ್ಲ. ಒಬ್ಬರೇ ಊಟಕ್ಕೆ ಹೋಗುವವರ ಹಿಂದೆ ಸಾಮಾನ್ಯವಾಗಿ ಇಂಥದ್ದೇ ಏನೋ ಇರುತ್ತದೆ. ಮಂಗಳೂರು ಕಡೆಯವರು ಬೆಂಗಳೂರಿಗೆ ಹೋದಾಗ ‘ಮಾರಾಯ್ರೇ’ ಅಂತ ಸಿನಿಮಾ ಶೈಲಿಯಲ್ಲಿ ಅಣಕಿಸಿದರೆ ನಮಗೆ ಹೇಗಾಗುತ್ತದೆ ಅಂತ ನಮಗೆ ಚೆನ್ನಾಗಿ ಗೊತ್ತಿದೆ. ಅಣಕಿಸುವವರನ್ನು ಬೇರೆಯಾಗಿ ಕರೆದು, ನೇರವಾಗಿ, ಇದು ನಿಲ್ಲಬೇಕು ಅಂತ ಹೇಳಿ. ಎಲ್ಲರೆದುರು ಹೇಳಿದರೆ ಆ ಹೊಸಬರಿಗೇ ಮತ್ತಷ್ಟು ಕಷ್ಟ. ಮತ್ತೆ ನಾಳೆ ಊಟಕ್ಕೆ ನೀವೇ ಅವರನ್ನು ಕರೆಯಿರಿ. ಒಡಿಶಾದವರನ್ನು ಮರೆಯಬೇಡಿ, ನಿಮ್ಮ ಪತ್ರದಲ್ಲೇ ಅವರ ಬಗ್ಗೆ ಒಂದು ಸಾಲಿಗಿಂತ ಜಾಸ್ತಿ ಇಲ್ಲ. ಅವರಿಗೆ ಕನ್ನಡವೂ ಬರುವುದಿಲ್ಲವಾದರೆ ಬಾಗಲಕೋಟೆಯವರಿಗಿಂತ ಎರಡು ಪಟ್ಟು ಒಂಟಿ ಅವರು.

ಪ್ರಶ್ನೆ: ಈ ಡೈವರ್ಸಿಟಿ ಎಲ್ಲ ಅಮೆರಿಕದಿಂದ ಬಂದ ಫ್ಯಾಷನ್. ನಾನು ಯಾರ ಜಾತಿ ಧರ್ಮವನ್ನೂ ನೋಡೋದಿಲ್ಲ. ಕೆಲಸ ಬರುತ್ತದೋ ಇಲ್ಲವೋ ಅಷ್ಟೇ ನೋಡ್ತೇನೆ. ಅಷ್ಟು ಸಾಕಲ್ವಾ?
— ಓದುಗ, ಕಂಕನಾಡಿ

ನೀವು ನೋಡೋದಿಲ್ಲ ಅಂತ ನಂಬುತ್ತೇನೆ. ಆದರೆ ‘ನಾನು ನೋಡೋದಿಲ್ಲ’ ಅನ್ನುವ ಎಲ್ಲರನ್ನೂ ಸೇರಿಸಿ ಪರೀಕ್ಷೆ ಮಾಡಿದರೆ ಏನಾಗುತ್ತದೆ ಗೊತ್ತಾ? ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಅದನ್ನೇ ಮಾಡಿದರು, 2007ರಲ್ಲಿ ಅದು ಪ್ರಕಟ ಆಯಿತು. ನಮ್ಮ ದೇಶದ ಪತ್ರಿಕೆಗಳಲ್ಲಿ ಖಾಸಗಿ ಕಂಪನಿಗಳು ಹಾಕಿದ ಜಾಹೀರಾತುಗಳಿಗೆ ಅರ್ಜಿ ಕಳಿಸಿದರು. ಓದು ಒಂದೇ, ಅನುಭವ ಒಂದೇ, ಹೆಸರು ಮಾತ್ರ ಬೇರೆ. ಮೇಲ್ಜಾತಿ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಸುಮಾರು ಮೂರರಲ್ಲಿ ಒಂದು ಪಾಲು. ಅರ್ಜಿ ನೋಡಿದ ಆ ಜನರಲ್ಲಿ ಹೆಚ್ಚಿನವರು ನಿಮ್ಮ ಮಾತನ್ನೇ ಹೇಳುತ್ತಿದ್ದರು ಅಂತ ನನಗೆ ಅನ್ನಿಸುತ್ತದೆ. ಕೆಲಸ ಬರುತ್ತದೋ ಇಲ್ಲವೋ ನೋಡಬೇಕಾದರೆ ಅವರು ನಿಮ್ಮ ಎದುರು ಬಂದು ಕೂರಬೇಕಲ್ಲ? ನಿಮ್ಮ ಮಾತು ನಿಜ ಆಗಬೇಕು ಅಂತಿದ್ದರೆ, ಅರ್ಜಿಗಳಿಂದ ಹೆಸರು, ಫೋಟೊ, ಅಪ್ಪನ ಹೆಸರು ತೆಗೆಸಿ, ಬರೀ ಕೆಲಸದ ವಿವರ ನೋಡಿ ಯಾರನ್ನು ಕರೆಯಬೇಕು ಅಂತ ಒಂದು ಸಲ ತೀರ್ಮಾನಿಸಿ.

ಅಮೆರಿಕದ ಫ್ಯಾಷನ್ ಅನ್ನೋದನ್ನು ನಾನು ಒಪ್ಪೋದಿಲ್ಲ. ಕುದ್ಮುಲ್ ರಂಗರಾಯರು ನಿಮ್ಮ ಮಂಗಳೂರಿನವರೇ. ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಶೋಷಿತರಿಗಾಗಿ ಒಂದು ಸಂಸ್ಥೆಯನ್ನೇ ಕಟ್ಟಿ, ಓದಿನ ಜೊತೆ ಕೈಕೆಲಸವನ್ನೂ ಕಲಿಸಿದರು. ಅದಕ್ಕಾಗಿ ಸ್ವಂತ ಜಾತಿಯವರಿಂದ ಬಹಿಷ್ಕಾರ ಅನುಭವಿಸಿದರು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ನಿಂತು ಒಂದು ಬ್ಯಾಂಕ್ ಶುರು ಮಾಡಿದರು. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಗಿ, 2020ರಲ್ಲಿ ಯೂನಿಯನ್ ಬ್ಯಾಂಕಿನೊಳಗೆ ಸೇರಿತು. ಆಗ ಅವರ ಜೊತೆ ಕೈಜೋಡಿಸಿದವರಲ್ಲಿ ಹಿಂದೂಗಳೂ ಇದ್ದರು. ಈ ಊರಿಗೆ ಇದು ಹೊಸದಲ್ಲ.

ಪ್ರಶ್ನೆ: ಉಡುಪಿಯಲ್ಲಿ ನಮ್ಮದು ಬಟ್ಟೆ ಅಂಗಡಿ. ಕೆಲಸಕ್ಕೆ ಇರುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ. ಹಾಗಾಗಿ ನಮಗೆ ಇದೆಲ್ಲ ಅನ್ವಯ ಆಗುವುದಿಲ್ಲ ಅಂತ ಯಜಮಾನರು ಹೇಳ್ತಾರೆ. ನೀವೇನಂತೀರಿ?
— ಓದುಗಿ, ಉಡುಪಿ

ಯಜಮಾನರಿಗೆ ಒಂದು ಪ್ರಶ್ನೆ ಕೇಳಿ: ಆ ಹೆಣ್ಣುಮಕ್ಕಳಲ್ಲಿ ಫ್ಲೋರ್ ಮ್ಯಾನೇಜರ್ ಎಷ್ಟು ಜನ, ಕ್ಯಾಶಿನಲ್ಲಿ ಕೂರುವವರು ಎಷ್ಟು ಜನ, ಖರೀದಿಗೆ ಸೂರತ್‌ಗೋ ಬೆಂಗಳೂರಿಗೋ ಹೋಗುವವರು ಎಷ್ಟು ಜನ? ಸೀರೆ ಬಿಡಿಸಿ ತೋರಿಸಲು ಮಾತ್ರ ಹೆಂಗಸರು, ತೀರ್ಮಾನಕ್ಕೆಲ್ಲ ಗಂಡಸರು ಅಂತಾದರೆ ಅನ್ವಯ ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ.

ಮೊದಲು ಕುರ್ಚಿ ಇಡಿ. ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿವರೆಗೆ ನಿಂತೇ ಇರಬೇಕು, ಗಿರಾಕಿ ಇಲ್ಲದಾಗಲೂ ಕೂರಬಾರದು ಅನ್ನುವ ಅಂಗಡಿಗಳು ನಮ್ಮಲ್ಲಿ ಇನ್ನೂ ಇವೆ. ಕಾಲು ಬಾತುಕೊಳ್ಳುತ್ತದೆ, ನರ ಉಬ್ಬುತ್ತದೆ. ಪಕ್ಕದ ಕೇರಳದಲ್ಲಿ ಅಂಗಡಿಗಳಲ್ಲಿ ಕೆಲಸ ಮಾಡುವ ಹೆಂಗಸರೇ ಹೋರಾಡಿ, 2018ರಲ್ಲಿ ಕೂರುವ ಹಕ್ಕನ್ನು ಕಾನೂನಿಗೆ ಸೇರಿಸಿಕೊಂಡರು. ತಮಿಳುನಾಡು 2021ರಲ್ಲಿ ತಂದಿತು. ನೀವು ಕಾನೂನಿಗೆ ಕಾಯಬೇಕಾಗಿಲ್ಲ, ಪ್ರತಿ ಕೌಂಟರಿನ ಹಿಂದೆ ಒಂದು ಸ್ಟೂಲ್ ಸಾಕು. ಇನ್ನು ಟಾಯ್ಲೆಟ್. ಅಂಗಡಿಯೊಳಗೇ ಇರಬೇಕು, ನೀರು ಇರಬೇಕು, ಹೋಗಲು ಅನುಮತಿ ಕೇಳುವ ಹಾಗಿರಬಾರದು. ಟಾಯ್ಲೆಟ್‌ಗೆ ಹೋಗಬೇಕಾಗುತ್ತದೆ ಅಂತ ಇಡೀ ದಿನ ನೀರೇ ಕುಡಿಯದೆ ಇರುವವರು ಎಷ್ಟೋ ಜನ ಇದ್ದಾರೆ.

ಮುಟ್ಟಿನ ದಿನಗಳಿಗೆ ತಿಂಗಳಿಗೊಂದು ಸಂಬಳದ ರಜೆ ಕೊಡಬೇಕು ಅಂತ ರಾಜ್ಯ ಸರ್ಕಾರ 2025ರಲ್ಲಿ ಆದೇಶ ಹೊರಡಿಸಿತು, ಖಾಸಗಿಯವರನ್ನೂ ಸೇರಿಸಿ. ಅದು ಹೈಕೋರ್ಟಿಗೂ ಹೋಯಿತು. ಕೋರ್ಟಿನಲ್ಲಿ ಏನೇ ಆಗಲಿ, ನಿಮ್ಮ ಅಂಗಡಿಯಲ್ಲಿ ಕೊಡಬೇಡಿ ಅಂತ ಯಾರೂ ತಡೆಯುವುದಿಲ್ಲ. ಆದರೆ ರಜೆ ಕೇಳಲು ಗಂಡಸು ಮ್ಯಾನೇಜರ್ ಎದುರು ನಿಂತು ಕಾರಣ ಹೇಳಬೇಕು ಅಂತಿದ್ದರೆ ಯಾರೂ ತಗೊಳ್ಳೋದಿಲ್ಲ. ಒಂದು ಮೆಸೇಜ್ ಸಾಕು ಅಂತ ಮಾಡಿ.

ಮತ್ತೆ ಕೊನೆಯ ಬಸ್ಸು. ಹಬ್ಬದ ಸೀಸನ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕಿದರೆ ಹೆಬ್ರಿ ಕಡೆಯವರು, ಬ್ರಹ್ಮಾವರದ ಒಳಗಿನ ಹಳ್ಳಿಯವರು ಮನೆಗೆ ಹೇಗೆ ಹೋಗ್ತಾರೆ? ಅವರ ಊರಿನ ಬಸ್ಸಿನ ಸಮಯ ಕೇಳಿ ಬರೆದಿಟ್ಟು, ಅದಕ್ಕೆ ತಕ್ಕ ಹಾಗೆ ಪಾಳಿ ಮಾಡಿ. ತಡ ಆದ ದಿನ ವಾಹನ ಅಂಗಡಿಯದ್ದೇ ಆಗಬೇಕು.

ಹಾಗೆಯೇ ಬುರ್ಖಾ ತೊಟ್ಟು ಬರುವ ಗಿರಾಕಿಗಳನ್ನು ‘ಬನ್ನಿ ಅಕ್ಕ’ ಅಂತ ಕರೆಯುವ ಅಂಗಡಿ, ಸ್ಕಾರ್ಫ್ ಹಾಕಿದ ಹುಡುಗಿಗೆ ಕೆಲಸ ಇಲ್ಲ ಅಂದರೆ ಅದು ನ್ಯಾಯ ಅಲ್ಲ. ಯಜಮಾನರು ಇದರ ಬಗ್ಗೆಯೂ ಯೋಚಿಸಲಿ.

ಪ್ರಶ್ನೆ: ನಾನು ಒಂದು ಸಹಕಾರಿ ಸಂಘದ ವ್ಯವಸ್ಥಾಪಕ. ಕ್ಲರ್ಕ್ ಕೆಲಸಕ್ಕೆ ನಡೆಸಿದ ಪರೀಕ್ಷೆಯಲ್ಲಿ ಮೊದಲು ಬಂದವರು ವೀಲ್‌ಚೇರ್ ಬಳಸುವ ಒಬ್ಬ ಯುವತಿ. ನಮ್ಮದು ಹಳೆ ಕಟ್ಟಡ, ಎದುರಿಗೆ ಮೂರು ಮೆಟ್ಟಿಲು. ಅವರಿಗೇ ಕಷ್ಟ ಆಗಬಹುದು ಅಂತ ನಿರ್ದೇಶಕರು ಎರಡನೆಯವರನ್ನು ತಗೊಳ್ಳೋಣ ಅಂತಿದ್ದಾರೆ.
— ಓದುಗ, ಉಡುಪಿ ಜಿಲ್ಲೆ

ಅವರಿಗೆ ಕಷ್ಟ ಆಗುತ್ತದೆ ಅಂತ ಅವರನ್ನು ಕೇಳದೆ ತೀರ್ಮಾನ ಮಾಡುವ ಹಕ್ಕು ನಿರ್ದೇಶಕರಿಗಿಲ್ಲ. ಮೊದಲು ಬಂದವರನ್ನು ಬಿಟ್ಟು ಎರಡನೆಯವರನ್ನು ತಗೊಂಡರೆ ಅದು ಅನ್ಯಾಯ, ಮೇಲೆ ಹೇಳಿದ 2016ರ ಕಾಯ್ದೆಯ ಕೆಳಗೆ ದೂರಿಗೂ ದಾರಿ. ಇದನ್ನು ಸಭೆಯಲ್ಲಿ ಹೀಗೇ ಹೇಳಿ.

ಆಮೇಲೆ ಆ ಯುವತಿಗೆ ನೀವೇ ಫೋನ್ ಮಾಡಿ. ‘ನಿಮ್ಮನ್ನು ಆಯ್ಕೆ ಮಾಡಿದ್ದೇವೆ, ಆರಾಮವಾಗಿ ಕೆಲಸ ಮಾಡಲು ಏನೇನು ಬೇಕು, ಒಂದು ದಿನ ಬಂದು ಕಟ್ಟಡ ನೋಡ್ತೀರಾ?’ ಅಂತ ಕೇಳಿ. ಅವರು ಇಷ್ಟು ವರ್ಷ ಶಾಲೆ, ಕಾಲೇಜು, ಬಸ್ಸು ಎಲ್ಲ ಸಂಭಾಳಿಸಿ ನಿಮ್ಮ ಪರೀಕ್ಷೆಯಲ್ಲಿ ಮೊದಲು ಬಂದವರು, ಏನು ಬೇಕು ಅಂತ ನಿಮಗಿಂತ, ನನಗಿಂತ ಚೆನ್ನಾಗಿ ಹೇಳ್ತಾರೆ.

ಮೂರು ಮೆಟ್ಟಿಲು ಅಂದರೆ ಸುಮಾರು ಒಂದೂವರೆ ಅಡಿ ಎತ್ತರ. ರ‍್ಯಾಂಪಿನ ಲೆಕ್ಕ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ, ಅಂದರೆ ನಿಮಗೆ ಹದಿನೆಂಟು ಅಡಿ ಬೇಕು. ಇದಕ್ಕಿಂತ ಕಡಿದಾದರೆ ಒಬ್ಬರೇ ಹತ್ತಲು ಆಗೋದಿಲ್ಲ, ಹಿಂದಿನಿಂದ ಯಾರಾದರೂ ತಳ್ಳಬೇಕು. ಎಷ್ಟೋ ಕಡೆ ಮೆಟ್ಟಿಲಿನ ಮೇಲೆ ಸಿಮೆಂಟು ಸುರಿದು ರ‍್ಯಾಂಪ್ ಅಂತಾರೆ, ಅದರಲ್ಲಿ ಜಾರಿ ಬೀಳಬಹುದು ಅಷ್ಟೇ. ನೇರ ಜಾಗ ಇಲ್ಲದಿದ್ದರೆ ಗೋಡೆಯ ಪಕ್ಕಕ್ಕೆ ತಿರುಗಿಸಿ ಕಟ್ಟಬಹುದು, ತಿರುಗುವ ಕಡೆ ವೀಲ್‌ಚೇರ್ ತಿರುಗಿಸಲು ಸಮತಟ್ಟು ಜಾಗ ಬಿಡಬೇಕು. ಎರಡೂ ಬದಿ ಹಿಡಿಕೆ ಇರಲಿ. ನಮ್ಮ ಮಳೆಯಲ್ಲಿ ನಯವಾದ ಟೈಲ್ಸ್ ಹಾಕಲೇಬೇಡಿ, ಜೂನ್ ಬಂದರೆ ಪಾಚಿ ಕಟ್ಟುತ್ತದೆ. ಒರಟು ಮೇಲ್ಮೈ ಇರಲಿ, ಮೇಲೆ ಒಂದು ಶೀಟ್ ಹಾಕಿಸಿ. ಟಾಯ್ಲೆಟ್ ಬಾಗಿಲು ಅಳತೆ ಮಾಡಿ, 90 ಸೆಂಟಿಮೀಟರ್ ಬೇಕು, ಹಳೆ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕೌಂಟರಿನ ಒಂದು ಭಾಗ ತಗ್ಗಿಸಬೇಕಾದೀತು. ಟಾಯ್ಲೆಟ್ ಬಾಗಿಲು ಒಳಗಡೆ ತೆರೆಯುತ್ತಿದ್ದರೆ ಹೊರಗಡೆಗೆ ಮಾಡಿಸಿ, ಒಳಗೆ ವೀಲ್‌ಚೇರ್ ಇರುವಾಗ ಬಾಗಿಲು ಹಾಕಲು ಜಾಗ ಸಾಲುವುದಿಲ್ಲ.

ಪಿಂಚಣಿ ತೆಗೆಯಲು ಬರುವ ಅಜ್ಜ ಅಜ್ಜಿಯರು ಇಷ್ಟು ವರ್ಷ ಆ ಮೂರು ಮೆಟ್ಟಿಲನ್ನು ಗೋಡೆ ಹಿಡಿದು ಹತ್ತುತ್ತಿದ್ದರು ಅಂತ ನಿರ್ದೇಶಕರಿಗೆ ನೆನಪಿಸಿ, ಖರ್ಚಿನ ಮಾತು ಬೇಗ ಮುಗಿಯುತ್ತದೆ. ನೇಮಕಾತಿ ಪತ್ರವನ್ನು ರ‍್ಯಾಂಪ್ ಮುಗಿಯಲಿ ಅಂತ ತಡೆದಿಡಬೇಡಿ. ಪತ್ರ ಈ ವಾರವೇ ಕಳಿಸಿ, ಸೇರುವ ದಿನಾಂಕ ಅದರಲ್ಲೇ ಇರಲಿ, ಮೇಸ್ತ್ರಿಗೂ ಅದೇ ದಿನಾಂಕ ಕೊಡಿ.